ಬಿಡಿಸದೆ ಬಿಟ್ಟ ಕೈ

ಮಲ್ಲಪ್ಪಣ್ಣ, ಆ ಮಧ್ಯಾಹ್ನ ಮೂರೂಕಾಲಿಗೆ ಮಗ್ಗದ ಕಂಬಿ ಬಿಚ್ಚಿದವರು ನೀವಲ್ಲ — ಆ ಶೆಡ್ಡಿನ ಮಾಲೀಕ, ನನ್ನ ಮಾಮಾ. ನಾನು ನೋಡಿದ್ದೆ. ನೋಡಿಯೂ ಮುಚ್ಚಿಟ್ಟೆ.

ಲಾಳಿ ಹೊರಗೆ ಹಾರದಂತೆ ತಡೆಯುವ ಕಂಬಿ ಅದು. ಕೆಲಸಕ್ಕೆ ಅಡ್ಡ ಬರುತ್ತದೆಂದು ಬಿಚ್ಚಿದ, ಮಗ್ಗ ಚಾಲೂ ಮಾಡಿದ. ಲಾಳಿ ನನ್ನ ಕಿವಿ ಸವರಿ ನಿಮ್ಮ ಎಡಗಣ್ಣಿಗೆ ಬಡಿಯಿತು. ಇಷ್ಟು ವರ್ಷಗಳಾದರೂ ಲಾಳಿಯ ಆ ಗಾಳಿ ಕಿವಿಗೆ ಸೋಕಿದಂತಾಗಿ, ಪಾಠ ಹೇಳುವಾಗಲೂ ತಲೆ ತಗ್ಗಿಸುತ್ತೇನೆ.

ನೀವೇ ಬಿಚ್ಚಿದಿರೆಂದು ಮಾಮಾ ಸಾರಿದ. ಅದು ನಿಜವೆಂದಾದರೆ ಇಚಲಕರಂಜಿಯಲ್ಲಿ ಯಾರೂ ನಿಮ್ಮನ್ನು ಮಗ್ಗಕ್ಕೆ ಕರೆಯುವಂತಿರಲಿಲ್ಲ. ಊರಿನ ನಮ್ಮ ಭಾಗ ಶಹಾಪುರದ ಹಿರಿಯರು ಪಂಚಾಯ್ತಿ ಕೂಡಿದರು.

"ನಮ್ಮ ಹುಡುಗ ಕಂಪ್ಯೂಟರ್ ಕಲ್ತಾನ. ನಡದದ್ದ ನಡದಂಗ ಟಿ.ವಿ.ಯಾಗ ತೋರಸ್ತಾನ್ರಿ," ಎಂದ ಮಾಮಾ.

ನನ್ನ ಬಳಿ ಇದ್ದದ್ದು ಟಿ.ವಿ.ಗೆ ಜೋಡಿಸುವ ಪುಟ್ಟ ಕಂಪ್ಯೂಟರ್, ಮಗ್ಗಕ್ಕೆ ಬರುವ ಹೊಸಬರಿಗೆ ಪಾಠ ಹೇಳಲೆಂದು ನಾನು ಮಾಡಿದ ಚಿತ್ರ ಆಡಿಸುವ ಪ್ರೋಗ್ರಾಂ. ಎರಡೇ ಬಣ್ಣ, ಎಂಟೇ ಚಿತ್ರ. ಆ ಇಕ್ಕಟ್ಟೇ ನನಗೆ ಹುಚ್ಚು ಹಿಡಿಸಿತ್ತು. ಮಗ್ಗವನ್ನು ಹಾಗೇ ಇಟ್ಟು ಲಾಳಿಯನ್ನಷ್ಟೇ ಅಳಿಸಿ ಮುಂದೆ ಬರೆದರೆ ಅದು ಓಡುತ್ತಿತ್ತು. ನಡುವಿನ ಚಿತ್ರ ಬಿಟ್ಟರೆ ಇನ್ನೂ ಜೋರಾಗಿ ಓಡುತ್ತಿತ್ತು. ಬಿಟ್ಟದ್ದನ್ನು ನೋಡುವವರ ಕಣ್ಣೇ ತುಂಬಿಕೊಳ್ಳುತ್ತದೆ — ಇದು ತಿಳಿದ ದಿನ ಎಷ್ಟು ಹಿಗ್ಗಿದ್ದೆ!

ಅದನ್ನೇ ಬಳಸಿದೆ. ಒಂದು ಚಿತ್ರದಲ್ಲಿ ಕಂಬಿ ಇತ್ತು. ಮುಂದಿನದರಲ್ಲಿ ಇರಲಿಲ್ಲ, ಮಗ್ಗದ ಮುಂದೆ ನೀವು ಮಾತ್ರ. ನಡುವಿನ ಮಾಮಾನ ಕೈ — ಬಿಡಿಸಲಿಲ್ಲ.

ಹಿರಿಯರು ಬೆರಗಾಗಿ ಮತ್ತೆ ಮತ್ತೆ ಹಾಕಿಸಿಕೊಂಡರು. ನಿಮ್ಮ ಹೆಂಡತಿ ಗಂಗವ್ವ ಮಾತ್ರ ಟಿ.ವಿ. ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದರು.

"ಕಂಬಿ ಇತ್ತು, ಆಮ್ಯಾಲ ಇಲ್ಲ. ನಡುವ ಯಾರ ಕೈ ಬಂತ್ರೀ, ಮಾಸ್ತರ?"

"ಇದರಾಗ ಎಂಟ ಚಿತ್ರ ಅಷ್ಟ ಹಿಡಿತಾವ್ರೀ, ಅಕ್ಕಾರ."

"ಹೌದ್ರಿ? ಅರಿವಿ ಮಿಣಮಿಣ ಮಿಂಚಾಕ ಜಾಗಾ ಐತಿ, ಒಂದ ಕೈಗೆ ಇಲ್ಲೇನ್ರಿ?"

"ಟಿ.ವಿ.ಗೇ ಸಂಶೆ ಪಡ್ತಾಳ ನೋಡ್ರೋ!" ಎಂದು ಹಿರಿಯರಲ್ಲೊಬ್ಬರು ಕೆಣಕಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ತಪ್ಪು ನಿಮ್ಮದೆಂದೇ ತೀರ್ಪಾಯಿತು.

ಜಾಗವಿತ್ತು, ಮಲ್ಲಪ್ಪಣ್ಣ. ನೇಯ್ದ ಬಟ್ಟೆ ಮಿನುಗಲೆಂದು ಎರಡು ಚಿತ್ರ ಖರ್ಚು ಮಾಡಿದ್ದೆ.

ಆಮೇಲೆ ಯಾರನ್ನೂ ನಂಬಲಾಗಲಿಲ್ಲ. ಮಾಮಾ ನನಗಷ್ಟೇ ಏಕೆ ಎರಡನೇ ಸಲ ಚಹಾ ತರಿಸಿದ? ಪಕ್ಕದ ಶೆಡ್ಡಿನವರು ನನ್ನ ಕಂಡು ಮಾತು ನಿಲ್ಲಿಸಿದ್ದೇಕೆ — ಗಂಗವ್ವ ಹೇಳಿದ್ದಾರೋ? ಕಣ್ಣು ಮುಚ್ಚಿದರೆ ಕಿವಿಯ ಬಳಿ ಲಾಳಿ.

ಕೆಲಸ ಸಿಗದೆ ನೀವಿಬ್ಬರೂ ಟ್ರಂಕು ಹೊತ್ತು ಕುರುಂದವಾಡದ ಬಸ್ಸು ಹತ್ತಿದ್ದನ್ನು ಪಾನ್ ಅಂಗಡಿಯ ಮರೆಯಿಂದ ನೋಡಿದೆ. ಗಂಗವ್ವ ಕಿಟಕಿಯಿಂದ ಯಾರನ್ನೋ ಹುಡುಕುತ್ತಿದ್ದರು.

ಆ ಮಧ್ಯಾಹ್ನದ ನಂತರ ನಾನು ಮೊದಲ ಸಲ ಬೆಳಗಿನವರೆಗೂ ಎಚ್ಚರಾಗದೆ ನಿದ್ದೆ ಮಾಡಿದ್ದು — ಅಂದೇ ರಾತ್ರಿ.