ಮೊದಲ ಊರಿನಲ್ಲೇ ಹನ್ನೊಂದು ದಿನ

ಅಕ್ಕ ಡ್ರ್ಯಾಗನ್ ಕೊಲ್ಲುವುದನ್ನು ನಾನು ಮೊದಲು ನೋಡಿದ್ದು ಒಂದು ಮಂಗಳವಾರ ಸಂಜೆ. ಆಫೀಸು ಮುಗಿಸಿಕೊಂಡು ನೇರ ಅವಳ ಮನೆಗೆ ಹೋಗಿದ್ದೆ. ಕೈಯಲ್ಲಿ ಬಾಳೆಹಣ್ಣಿನ ಕವರ್ ಇತ್ತು. ಅರವತ್ತೊಂದು ವರ್ಷದ, ಬಲಮಂಡಿಗೆ ಹೊಸ ಕೀಲು ಹಾಕಿಸಿಕೊಂಡ, ಮೂವತ್ತು ವರ್ಷ ರೈಲ್ವೆ ಬುಕಿಂಗ್ ಕೌಂಟರಿನಲ್ಲಿ ಕೂತು ನಿವೃತ್ತಳಾದ ನನ್ನ ಅಕ್ಕ ಸ್ಟೂಲಿನ ಮೇಲೆ ಕಾಲು ಚಾಚಿಕೊಂಡು, ಎರಡೂ ಕೈಯಲ್ಲಿ ರಿಮೋಟಿನಂಥದೊಂದನ್ನು ಹಿಡಿದು, ಟಿವಿಯಲ್ಲಿ ಬೆಂಕಿ ಉಗುಳುತ್ತಿದ್ದ ಪ್ರಾಣಿಯೊಂದಕ್ಕೆ ಕತ್ತಿಯಿಂದ ಬಾರಿಸುತ್ತಿದ್ದಳು.

"ಚಪ್ಪಲಿ ಹೊರಗೆ ಬಿಡೋ. ಮಾತಾಡಬೇಡ. ಇದಕ್ಕೆ ಇನ್ನೆರಡು ಏಟು ಸಾಕು" ಎಂದಳು, ನನ್ನ ಕಡೆ ತಿರುಗದೆ.

ಅದು ಅವಳ ಮಗಳ ವಿಡಿಯೊ ಗೇಮಿನ ಯಂತ್ರ. ಆ ಹುಡುಗಿ ಒಂದು ಕಂಪನಿಯಲ್ಲಿ ಶಿಫ್ಟಿನ ಕೆಲಸ ಮಾಡುತ್ತಾಳೆ. ತಾನು ಆಡಲೆಂದು ತಂದಿದ್ದು. ಆಪರೇಷನ್ ಆದ ಮೇಲೆ ಅಮ್ಮ ದಿನವಿಡೀ ಸೀರಿಯಲ್ ನೋಡಿ ಅಳುತ್ತಾಳೆಂದು ಅವಳ ಕೈಗೆ ಕೊಟ್ಟಳು. ಎರಡೇ ತಿಂಗಳಲ್ಲಿ ಅಮ್ಮ ಮಗಳನ್ನು ದಾಟಿ ಮುಂದೆ ಹೋಗಿದ್ದಳು.

ಆಟದಲ್ಲಿ ಮಾತ್ರ. ಮನೆಯಲ್ಲಿ ಅವಳು ಬಾಗಿಲಾಚೆಯ ಮೊದಲ ಮೆಟ್ಟಿಲನ್ನೂ ದಾಟಿರಲಿಲ್ಲ. ಅವರದು ಮದರಾಸಿನ ಗಿಂಡಿಯಲ್ಲಿ ಒಂದು ಹಳೆಯ ಕಟ್ಟಡದ ಎರಡನೇ ಮಹಡಿ. ಲಿಫ್ಟ್ ಇಲ್ಲ, ಮೂವತ್ತನಾಲ್ಕು ಮೆಟ್ಟಿಲು. ಆಪರೇಷನ್ ಆಗಿ ಮೂರು ತಿಂಗಳು. ಹತ್ತಿ ಇಳಿಯಬಹುದು ಎಂದು ಡಾಕ್ಟರ್ ಹೇಳಿ ಆರು ವಾರ. ವ್ಯಾಯಾಮ ಮಾಡಿಸಲು ಬರುವಾಕೆ ಪ್ರತಿ ಸಲ ಎಚ್ಚರಿಸಿ ಹೋಗುತ್ತಿದ್ದಳು: ಈಗ ಇಳಿಯದಿದ್ದರೆ ಕಾಲು ಹೀಗೇ ಬಿಗಿದುಕೊಳ್ಳುತ್ತದೆ, ಆಮೇಲೆ ಇಳಿಯಬೇಕೆಂದರೂ ಆಗುವುದಿಲ್ಲ.

ಅಕ್ಕನಿಗೆ ಹೆದರಿಕೆ ಎಂದು ಎಲ್ಲರೂ ತಿಳಿದಿದ್ದರು. ನಾನೂ ಹಾಗೆಂದೇ ಹೇಳಿಕೊಂಡು ತಿರುಗುತ್ತಿದ್ದೆ. ನಿಜಕ್ಕೂ ಹೆದರಿಕೆ ನನ್ನದು. ಎಗ್ಮೋರಿನ ಒಂದು ವಿಮಾ ಕಚೇರಿಯ ಕ್ಲೇಮು ವಿಭಾಗದಲ್ಲಿ ಇಪ್ಪತ್ತಾರು ವರ್ಷದಿಂದ ಕೂತಿದ್ದೇನೆ. ಜನ ಹೇಗೆಲ್ಲ ಬೀಳುತ್ತಾರೆಂದು ಓದುವುದೇ ನನ್ನ ಉದ್ಯೋಗ. ಸೋಪಿನ ನೀರಿನಲ್ಲಿ ಬೀಳುತ್ತಾರೆ, ನೈಟಿಯ ಅಂಚು ತುಳಿದು ಬೀಳುತ್ತಾರೆ, ಬೆಕ್ಕು ಅಡ್ಡ ಬಂದು ಬೀಳುತ್ತಾರೆ, ಏನೂ ಅಡ್ಡ ಬರದೆಯೂ ಬೀಳುತ್ತಾರೆ. ಆ ಮೂವತ್ತನಾಲ್ಕು ಮೆಟ್ಟಿಲಿಗೂ ನನ್ನ ತಲೆಯಲ್ಲಿ ಒಂದೊಂದು ಫೈಲಿತ್ತು. ಅಕ್ಕ ಇಳಿಯುತ್ತೇನೆಂದು ಸೆರಗು ಸಿಕ್ಕಿಸಿಕೊಂಡಾಗಲೆಲ್ಲ, "ಇವತ್ತು ಬೇಡ ಅಕ್ಕ, ಮೆಟ್ಟಿಲು ಒರೆಸಿದ್ದಾರೆ" ಎನ್ನುತ್ತಿದ್ದೆ. "ಶನಿವಾರ ಇಳಿ, ನಾನಿರ್ತೀನಿ" ಎನ್ನುತ್ತಿದ್ದೆ. ಶನಿವಾರ ಬಂದರೆ ಕರೆಂಟು ಇರುತ್ತಿರಲಿಲ್ಲ, ಇಲ್ಲವೇ ನನಗೇ ತಲೆನೋವು.

ಡ್ರ್ಯಾಗನ್ ಸತ್ತು ಬಿದ್ದ ಮೇಲೆ ಅಕ್ಕ ಬಾಳೆಹಣ್ಣು ಸುಲಿಯುತ್ತಾ ನನ್ನನ್ನೇ ನೋಡಿದಳು.

"ಒಂದು ಒಪ್ಪಂದ ಮಾಡ್ಕೊಳೋಣ. ನೀನೂ ಈ ಆಟ ಶುರು ಮಾಡು. ಮೊದಲು ಒಂದು ಹಳ್ಳಿ ಬರತ್ತೆ. ಅದರ ಬಾಗಿಲು ದಾಟಿ, ಕಾಡು ದಾಟಿ, ಒಂದು ಕಲ್ಲು ಸೇತುವೆ. ಸೇತುವೆ ಮೇಲೆ ನೀನು ಕಾಲಿಟ್ಟ ಮಾರನೇ ದಿನ ನಾನು ಕೆಳಗೆ ಇಳೀತೀನಿ. ನೀನು ತುಟಿಪಿಟಕ್ ಅನ್ನಕೂಡದು."

"ಅಲ್ಲೀತನಕ?"

"ಅಲ್ಲೀತನಕ ನಾನು ಮೆಟ್ಟಿಲ ಮಾತೆತ್ತಲ್ಲ. ಸರೀನಾ?"

ನಾನು ಕೂಡಲೇ ಒಪ್ಪಿದೆ. ಧೈರ್ಯದಿಂದಲ್ಲ. ತಡ ಮಾಡಲು ಇಷ್ಟು ಮರ್ಯಾದೆಯ ದಾರಿ ಇನ್ನೊಂದು ಸಿಗುವುದಿಲ್ಲ ಎಂದು ಅನಿಸಿತು.

ಮಾರನೇ ದಿನ ಸಂಜೆ ಸೋದರಸೊಸೆ ನನ್ನನ್ನು ಟಿವಿಯ ಮುಂದೆ ಕೂರಿಸಿದಳು. ಕನ್ನಡ ಅವಳಿಗೆ ಚೆನ್ನಾಗಿ ಅರ್ಥವಾಗುತ್ತದೆ. ಬಾಯಿ ತೆರೆದರೆ ಮಾತ್ರ ತಮಿಳು ಅರ್ಧ, ಇಂಗ್ಲಿಷ್ ಅರ್ಧ. ನನ್ನ ಮೇಲೆ ಪ್ರೀತಿ ಉಕ್ಕಿದಾಗ ಮಧ್ಯೆ ಸ್ವಲ್ಪ ಕನ್ನಡ. ಮೊದಲು ಯಾರಾಗುತ್ತೀರೆಂದು ಕೇಳಿದಳು. ಕತ್ತಿ ಹಿಡಿದವನು, ಮಾಂತ್ರಿಕ, ಬಿಲ್ಲುಗಾರ, ಕಳ್ಳ.

"ಇದರಲ್ಲಿ ಅಪಾಯ ಕಡಿಮೆ ಇರೋದು ಯಾವುದು?"

"ಪೆನ್ಷನ್ ಇರೋ ಜಾಬ್ ಇದರಲ್ಲಿ ಇಲ್ಲ ಮಾಮಾ. ಎದಾವದು ಒಂದು ತಗೊಳಿ. ಯಾವುದು ತಗೊಂಡ್ರೂ ಆಮೇಲೆ ಮಾತ್ತಬಹುದು."

ಬದಲಾಯಿಸಬಹುದು ಎಂದು ಅರ್ಥ. ನಾನು ಎಲ್ಲರಿಗಿಂತ ದೊಡ್ಡ ಗುರಾಣಿ ಇದ್ದವನನ್ನು ಆರಿಸಿಕೊಂಡೆ. ಆಮೇಲೆ ಅವನ ಮುಖ. ಹುಬ್ಬು, ಗಲ್ಲ, ಮೂಗಿನ ಉದ್ದ ಎಲ್ಲವನ್ನೂ ನಾವೇ ತೀರ್ಮಾನಿಸಬೇಕಿತ್ತು. ಮುಕ್ಕಾಲು ಗಂಟೆ ತೆಗೆದುಕೊಂಡೆ.

"ಮೂಗು ಯಾರು ನೋಡ್ತಾರೋ?" ಒಳಗೆ ಚಪಾತಿ ಒತ್ತುತ್ತಿದ್ದ ಅಕ್ಕ ಕೂಗಿದಳು. "ಹೆಣ್ಣು ನೋಡಕ್ಕೆ ಹೊರಟಿದೀಯಾ? ಅವನಿಗೆ ಶಿರಸ್ತ್ರಾಣ ಹಾಕ್ತಾರೆ, ಮುಖಾನೇ ಕಾಣಲ್ಲ."

ಹಳ್ಳಿ ಚೆನ್ನಾಗಿತ್ತು. ಬಾವಿ, ಕಮ್ಮಾರನ ಅಂಗಡಿ, ನಾಲ್ಕು ಹುಲ್ಲಿನ ಮನೆ. ಎಲ್ಲರ ಜೊತೆ ಮಾತಾಡಿ ಎಂದಿದ್ದಳು ಹುಡುಗಿ, ಮಾತಾಡಿದರೆ ದಾರಿ ಗೊತ್ತಾಗುತ್ತದೆ. ಇದು ನನಗೆ ಬರುವ ಕೆಲಸ. ಒಬ್ಬೊಬ್ಬರನ್ನೂ ಮೂರು ಮೂರು ಸಲ ಮಾತಾಡಿಸಿದೆ, ಹೇಳಿಕೆಯಲ್ಲಿ ವ್ಯತ್ಯಾಸ ಬರುತ್ತದೋ ನೋಡಲು. ಬರಲಿಲ್ಲ. ಅಷ್ಟು ಪ್ರಾಮಾಣಿಕ ಜನರನ್ನು ನನ್ನ ಸರ್ವೀಸಿನಲ್ಲೇ ಕಂಡಿರಲಿಲ್ಲ. ಒಬ್ಬ ಮುದುಕಿಯ ಕೋಳಿಗಳು ಕಳೆದಿದ್ದವು, ಹುಡುಕಿ ಕೊಟ್ಟೆ. ಕಮ್ಮಾರನಿಗೆ ಇದ್ದಿಲು ತಂದುಕೊಟ್ಟೆ. ಯಾರದೋ ಬೇಲಿ ಸರಿಮಾಡಿದೆ. ನಡುನಡುವೆ ಆಟವನ್ನು ಉಳಿಸಿಡಬೇಕು, ಇಲ್ಲದಿದ್ದರೆ ಮಾಡಿದ್ದೆಲ್ಲ ಹೋಗುತ್ತದೆ ಎಂದಿದ್ದಳು. ಒಂದು ಕೋಳಿ ಹಿಡಿದರೆ ಒಂದು ಸಲ ಉಳಿಸುತ್ತಿದ್ದೆ.

ಒಂದು ಸಂಜೆ ನನ್ನ ವೀರ ಓಡುವುದನ್ನೇ ನಿಲ್ಲಿಸಿದ. ಬೀದಿಯಲ್ಲಿ ಆಮೆಯ ಹಾಗೆ ನಡೆಯತೊಡಗಿದ. ನಾನು ಗಾಬರಿಯಾಗಿ ಅವಳನ್ನು ಕರೆದೆ. ಅವಳು ಏನೋ ಒತ್ತಿ ಅವನ ಚೀಲ ತೆರೆದು ನೋಡಿದಳು.

"ಎನ್ನ ಮಾಮಾ ಇದು! ಏಳು ಪೊರಕೆ ಯಾಕೆ?"

"ಬಿದ್ದಿತ್ತು, ತಗೊಂಡೆ. ಬೇಕಾಗುತ್ತೆ."

"ಹಗ್ಗ ಹನ್ನೆರಡು. ಒಡೆದ ತಟ್ಟೆ. ಇದು ಏನು, ಬಾಗಿಲಾ?"

ಬಾಗಿಲೇ. ಕೊಟ್ಟಿಗೆಯದು. ಹೇಗೆ ಚೀಲಕ್ಕೆ ಬಂತೋ ನನಗೂ ನೆನಪಿಲ್ಲ. ಅವಳು ಎಲ್ಲವನ್ನೂ ಬಾವಿಕಟ್ಟೆಯ ಮೇಲೆ ಸುರಿದಳು. ಗಾಯ ಮಾಯಿಸುವ ಕೆಂಪು ಸೀಸೆಗಳಿಗೆ ಮಾತ್ರ ಕೈಹಾಕಲು ಬಿಡಲಿಲ್ಲ. ಹುಡುಗಿ ಅದನ್ನು ಪೋಷನ್ ಎನ್ನುತ್ತಿದ್ದಳು, ಅಕ್ಕ ಕಷಾಯ ಎನ್ನುತ್ತಿದ್ದಳು. ನಲವತ್ತೊಂದು ಸೀಸೆ ಕೂಡಿಹಾಕಿದ್ದೆ, ಒಂದನ್ನೂ ತೆರೆದಿರಲಿಲ್ಲ.

ಇನ್ನು ಊಟದ ವಿಷಯ. ಈ ಆಟದಲ್ಲಿ ತಿಂದರೆ ಶಕ್ತಿ ಬರುತ್ತದೆ. ಸುಟ್ಟ ಮಾಂಸಕ್ಕೆ ಎಲ್ಲಕ್ಕಿಂತ ಹೆಚ್ಚು ಶಕ್ತಿ. ನಮ್ಮದು ನಾಲ್ಕು ತಲೆಮಾರಿನಿಂದ ಮದರಾಸಿನಲ್ಲಿರುವ ವೈಷ್ಣವ ಮನೆತನ. ಈರುಳ್ಳಿ ಅಡುಗೆಮನೆಗೆ ಬಂದದ್ದೇ ಅಜ್ಜಿ ತೀರಿಕೊಂಡ ಮೇಲೆ. ನನ್ನ ವೀರ ಎಲೆಕೋಸು, ಸೇಬು, ಬ್ರೆಡ್ಡಿನಲ್ಲಿ ಜೀವ ಹಿಡಿದಿದ್ದ. ಸುಟ್ಟ ಮಾಂಸದ ತುಂಡೊಂದು ಚೀಲದಲ್ಲಿ ಕಂಡಾಗ ರಿಮೋಟು ಕೆಳಗಿಟ್ಟು ಕೈ ತೊಳೆದುಕೊಂಡು ಬಂದೆ.

"ಎಮರ್ಜೆನ್ಸಿಗೆ ನಾನೇ ಹಾಕಿದೆ ಮಾಮಾ" ಎಂದಳು ಹುಡುಗಿ. "ಅದು ಬರೀ ಪಿಕ್ಚರ್."

"ಚಿತ್ರವಾದರೂ ನಮ್ಮ ಚೀಲದಲ್ಲಿ ಯಾಕಮ್ಮ?"

ಅವಳು ತಾಯಿಯ ಕಡೆ ತಿರುಗಿದಳು, ನ್ಯಾಯ ಸಿಗುತ್ತದೆಂದು. ಡ್ರ್ಯಾಗನ್ ಕೊಂದ ಅಕ್ಕ ಕರವಸ್ತ್ರದಿಂದ ಕನ್ನಡಕ ಒರೆಸುತ್ತಾ, "ನಾನೂ ಅಷ್ಟೇ ಕಣೇ. ಗಿಣ್ಣು, ಹಣ್ಣು. ಕೊಲ್ಲೋದು ಬೇರೆ, ತಿನ್ನೋದು ಬೇರೆ" ಎಂದಳು. ಹುಡುಗಿ ಹಣೆ ಚಚ್ಚಿಕೊಂಡು ಶಿಫ್ಟಿಗೆ ಹೊರಟುಹೋದಳು.

ಹೀಗೆ ಹತ್ತು ದಿನವಾಯಿತು. ಹಳ್ಳಿಯಲ್ಲಿ ಮಾಡಲು ಏನೂ ಉಳಿಯಲಿಲ್ಲ. ಮುದುಕಿ ನನ್ನನ್ನು ಕಂಡರೆ ಹಳೆಯ ಧನ್ಯವಾದವನ್ನೇ ಮತ್ತೆ ಹೇಳುತ್ತಿದ್ದಳು. ಊರ ಬಾಗಿಲಲ್ಲಿ ನಿಂತು ಆಚೆಯ ಕಾಡು ನೋಡಿ ವಾಪಸು ಬರುತ್ತಿದ್ದೆ. ಅಕ್ಕ ಮಾತಿನಂತೆ ಮೆಟ್ಟಿಲ ಸುದ್ದಿ ಎತ್ತುತ್ತಿರಲಿಲ್ಲ. ಆದರೆ ಹತ್ತನೆಯ ದಿನ ಅವಳು ಅಡುಗೆಮನೆಯಿಂದ ಹಜಾರಕ್ಕೆ ಬರುವಾಗ ಗೋಡೆ ಹಿಡಿದು ಬಂದದ್ದನ್ನು ನೋಡಿದೆ. ಹಿಂದಿನ ವಾರ ಹಿಡಿಯುತ್ತಿರಲಿಲ್ಲ. ಕಾಲು ಬಿಗಿಯಾಗುತ್ತಿತ್ತು. ನಾನು ಪ್ರತಿ ಸಂಜೆ ಬಂದು ಕೋಳಿ ಹಿಡಿಯುತ್ತಿದ್ದದ್ದು ಯಾರ ಖರ್ಚಿನಲ್ಲಿ ಎಂಬುದು ಆಗ ಹೊಳೆಯಿತು. ಆ ರಾತ್ರಿ ಊಟ ರುಚಿಸಲಿಲ್ಲ.

ಹನ್ನೊಂದನೆಯ ದಿನ ಬಾಗಿಲು ದಾಟಿದೆ. ಇಪ್ಪತ್ತು ಹೆಜ್ಜೆ ಹೋಗಿರಬೇಕು, ಮರದ ಹಿಂದಿನಿಂದ ತೋಳವೊಂದು ಹಾರಿತು. ಗುರಾಣಿ ಎತ್ತುವ ಗುಂಡಿ ಯಾವುದೆಂಬುದೇ ಮರೆತುಹೋಯಿತು.

"ಪೋಷನ್ ಕುಡಿಂಗ ಮಾಮಾ! ಕುಡಿಂಗ!"

"ಮುಂದೆ ಇನ್ನೂ ದೊಡ್ಡದು ಬಂದರೆ?"

"ಅದು ಬರೋಕೆ ಮೊದಲು ನೀವು ಇರಬೇಕಲ್ಲಾ!"

ಸತ್ತೆ. ಚೀಲದಲ್ಲಿ ನಲವತ್ತೊಂದು ಸೀಸೆ ಕಷಾಯ ಇಟ್ಟುಕೊಂಡು, ಮಾಂಸ ಮುಟ್ಟದೆ, ಶುದ್ಧವಾಗಿ ಸತ್ತೆ. ಪರದೆ ಕಪ್ಪಾಯಿತು. ಒಂದು ಕ್ಷಣದಲ್ಲಿ ನನ್ನ ವೀರ ಊರ ಬಾಗಿಲಲ್ಲಿ ಮೈ ಕೊಡವಿಕೊಂಡು ನಿಂತಿದ್ದ, ಅದೇ ಮೂಗು ಹೊತ್ತುಕೊಂಡು. ಅಷ್ಟೇನಾ ಎಂದು ಕೇಳಿದೆ. ಅಷ್ಟೇ ಎಂದಳು ಹುಡುಗಿ. ಮೊದಮೊದಲು ಎಲ್ಲರೂ ಸಾಯುತ್ತಾರೆ, ತೋಳ ಯಾವ ಕಡೆಯಿಂದ ಹಾರುತ್ತದೆಂದು ಗೊತ್ತಾಗುವುದೇ ಹಾಗೆ, ಕಷಾಯ ಇರುವುದು ಕುಡಿಯುವುದಕ್ಕೆ.

ಆ ಸಂಜೆ ಒಂಬತ್ತು ಸಲ ಸತ್ತೆ. ನಾಲ್ಕನೆಯದರಿಂದ ನಗು ಬರತೊಡಗಿತು. ಒಮ್ಮೆ ತೋಳವಿಲ್ಲದೆ, ಹಳ್ಳಕ್ಕೆ ಬಿದ್ದು ಸತ್ತೆ. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹತ್ತನೆಯ ಸಲ ಗುರಾಣಿ ಸರಿಯಾದ ಹೊತ್ತಿಗೆ ಮೇಲೆದ್ದಿತು. ಒಂದಾದ ಮೇಲೊಂದು ಸೀಸೆ ಕುಡಿಯುತ್ತಾ, ಕುಡುಕನ ಹಾಗೆ ತೂರಾಡುತ್ತಾ ಕಾಡು ದಾಟಿದೆ. ಎದುರಿಗೆ ಕಲ್ಲು ಸೇತುವೆ.

ಅಲ್ಲಿ ನನ್ನ ಹೆಬ್ಬೆರಳು ನಿಂತುಬಿಟ್ಟಿತು.

"ಯಾಕೋ?" ಎಂದಳು ಅಕ್ಕ.

"ಇಲ್ಲಿ ಸತ್ತರೆ ಎದ್ದು ಬರ್ತಾನೆ ಅಕ್ಕ. ಮೆಟ್ಟಿಲು ಹಾಗಲ್ಲ."

ಅವಳು ಗದರುತ್ತಾಳೆಂದುಕೊಂಡೆ. ಗದರಲಿಲ್ಲ. ಬಾಲ್ಕನಿಯ ಕಡೆ ಕೈ ತೋರಿಸಿದಳು.

"ಅದು ನಂಗೆ ಗೊತ್ತಿಲ್ವಾ? ನಾನೇನು ಮಗುವಾ? ಮೂರು ತಿಂಗಳಿಂದ ಅಲ್ಲಿ ನಿಂತು ಬೀದಿ ನೋಡ್ತಿದೀನಿ ಕಣೋ. ಬರೀ ತಲೆಗಳು ಕಾಣತ್ತೆ. ಯಾರ ತಲೆ ಬೋಳಾಗಿದೆ, ಯಾರು ಡೈ ಹಾಕೋದು ಬಿಟ್ರು, ಎಲ್ಲಾ ಗೊತ್ತು ನಂಗೆ. ಒಬ್ಬರ ಮುಖ ಕಾಣಲ್ಲ. ಕೂಗಿದ್ರೆ ಮೇಲೆ ನೋಡಿ ಕೈಯಾಡಿಸಿ ಹೋಗ್ತಾರೆ. ಬಿದ್ದರೆ ಬೀಳ್ತೀನಿ. ಬೀಳದೇನೇ ಹೀಗೆ ಇಲ್ಲಿ ಕೂತಿರೋದಕ್ಕೆ ನಿನ್ನ ಆಫೀಸಲ್ಲಿ ಕ್ಲೇಮ್ ಕೊಡ್ತಾರಾ?"

ಕೊಡುವುದಿಲ್ಲ. ಅಂಥ ಫೈಲು ಒಂದೂ ನನ್ನ ಮೇಜಿಗೆ ಬಂದದ್ದಿಲ್ಲ. ನಾನು ಹೆಬ್ಬೆರಳು ಮುಂದೆ ಒತ್ತಿದೆ. ಸೇತುವೆಯ ಮೇಲೆ ವೀರನ ಬೂಟು ಟಕ್ ಟಕ್ ಎಂದಿತು.

ಮಾರನೇ ದಿನ ಬೆಳಿಗ್ಗೆ ಎಂಟಕ್ಕೆ ಅಕ್ಕ ಗಂಜಿ ಹಾಕಿದ ಕಾಟನ್ ಸೀರೆ ಉಟ್ಟು ನಿಂತಿದ್ದಳು. ಆಪರೇಷನ್ ಆದ ಕಾಲು ಮೊದಲು, ಆಮೇಲೆ ಇನ್ನೊಂದು; ಕೈ ಕಂಬಿಯ ಮೇಲೆ. ನಾನು ಎರಡು ಮೆಟ್ಟಿಲು ಕೆಳಗೆ, ಅವಳ ಕಡೆ ಮುಖಮಾಡಿ, ಹಿಂದುಹಿಂದಕ್ಕೆ ಇಳಿಯುತ್ತಿದ್ದೆ.

"ಮುಂದೆ ನೋಡ್ಕೊಂಡು ಇಳಿಯೋ. ನೀನು ಬಿದ್ದರೆ ನಾನು ಎತ್ತಕ್ಕಾಗಲ್ಲ."

ತುಟಿಪಿಟಕ್ ಎನ್ನುವಂತಿರಲಿಲ್ಲವಲ್ಲ, ತಿರುಗಿಕೊಂಡೆ. ಅವಳ ಉಸಿರಿನ ಸದ್ದನ್ನಷ್ಟೇ ಕೇಳುತ್ತಾ ಇಳಿಯುವುದು ಹಿಂದುಹಿಂದಕ್ಕೆ ಇಳಿಯುವುದಕ್ಕಿಂತ ಕಷ್ಟವಾಯಿತು. ಮೊದಲ ಮಹಡಿಯ ತಿರುವಿನಲ್ಲಿ ಅವಳು ನಿಂತು ಮಂಡಿ ನೀವಿಕೊಂಡಳು. ನಾನು ಬಾಯಿ ತೆರೆದೆ, ಮೇಲಿನಿಂದ ಇಣುಕುತ್ತಿದ್ದ ಹುಡುಗಿ ತುಟಿಯ ಮೇಲೆ ಬೆರಳಿಟ್ಟಳು, ಮುಚ್ಚಿದೆ. ಅಕ್ಕ ಮತ್ತೆ ಇಳಿದಳು. ಕೊನೆಯ ಮೆಟ್ಟಿಲಿನಿಂದ ನೆಲಕ್ಕೆ ಕಾಲಿಟ್ಟವಳು ನಿಲ್ಲಲೇ ಇಲ್ಲ, ನೇರ ಗೇಟಿಗೆ ನಡೆದಳು.

ಗೇಟಿನಾಚೆ ಹೂ ಕಟ್ಟುತ್ತಿದ್ದ ಹೆಂಗಸು ತಲೆಯೆತ್ತಿ, "ಅಕ್ಕಾ! ಎವ್ವಳವು ನಾಳ್ ಆಚ್ಚು!" ಎಂದು ಎದ್ದು ನಿಂತಳು. ಎಷ್ಟು ದಿನವಾಯಿತೆಂದು ಇಬ್ಬರೂ ಬೆರಳು ಮಡಚಿ ಲೆಕ್ಕ ಹಾಕಿದರು. ಆಮೇಲೆ ಅಕ್ಕ ನನ್ನ ಕಡೆ ತಿರುಗಿ, "ಮೂಲೆ ಅಂಗಡಿತನಕ ಹೋಗಿ ಬರ್ತೀನಿ. ನೀನು ಇಲ್ಲೇ ಇರು" ಎಂದಳು.

ಮೂಲೆ ಅಂಗಡಿ ಗೇಟಿನಿಂದ ಕಾಣುವುದಿಲ್ಲ. ನೀರಿನ ಲಾರಿಯೊಂದು ಅಡ್ಡ ನಿಂತಿತ್ತು. ಅಕ್ಕ ನಿಧಾನವಾಗಿ, ಬಲಗಾಲಿನ ಮೇಲೆ ಸ್ವಲ್ಪ ವಾಲುತ್ತಾ, ಲಾರಿಯ ಹಿಂದೆ ಮರೆಯಾದಳು. ಲಾರಿಯ ಕೆಳಗೆ ನೀರು ತೊಟ್ಟಿಕ್ಕುತ್ತಿದ್ದದ್ದು ನನಗೆ ಕಂಡಿತು. ಕಲ್ಲು ಒಂದು ಎದ್ದಿದ್ದದ್ದೂ ಕಂಡಿತು. ಗೇಟಿನ ಸರಳು ಹಿಡಿದುಕೊಂಡು ನಿಂತೆ. ಒಂದು ಕಾಲು ತಾನಾಗಿ ಹೊರಗೆ ಹೋಯಿತು. ಅದನ್ನು ಒಳಗೆ ತಂದುಕೊಂಡೆ. ಹೂವಿನ ಹೆಂಗಸು ಅದನ್ನು ನೋಡಿ ನಕ್ಕಳು.

ಎಷ್ಟು ಹೊತ್ತೋ. ಆಮೇಲೆ ಲಾರಿಯ ಆಚೆಯಿಂದ ಅಕ್ಕನ ಧ್ವನಿ ಕೇಳಿಸಿತು, ಇಡೀ ಬೀದಿಗೆ ಕೇಳುವ ಹಾಗೆ. ಬದನೆಕಾಯಿ ನಿನ್ನೆಯದು, ಕಣ್ಣಿಗೆ ಮಣ್ಣೆರಚಬೇಡ, ಮೂರು ತಿಂಗಳು ಬರಲಿಲ್ಲವೆಂದರೆ ಬದನೆಕಾಯಿ ನೋಡುವುದನ್ನು ಮರೆತಿದ್ದೇನೆಂದುಕೊಂಡೆಯಾ ಎಂದು ತಮಿಳಿನಲ್ಲಿ ಜಗಳ ತೆಗೆದಿದ್ದಳು. ಅಂಗಡಿಯವನೂ ಬಿಡುತ್ತಿರಲಿಲ್ಲ. ಜಗಳ ಬೇಗ ಮುಗಿಯುವ ಹಾಗೆ ಕಾಣಲಿಲ್ಲ. ನಾನು ಸರಳು ಬಿಟ್ಟು, ವಾಚ್‌ಮನ್‌ನ ಖಾಲಿ ಕುರ್ಚಿಯನ್ನು ನೆರಳಿಗೆ ಎಳೆದುಕೊಂಡು ಕೂತೆ.