ಟ್ಯಾಂಕಿನ ಕೆಳಗೆ ನಿಂತ ವರಲಕ್ಷ್ಮಿ ಮೇಡಂ

ವರಲಕ್ಷ್ಮಿ ಮೇಡಂ ಪಾಠ ರೆಕಾರ್ಡ್ ಮಾಡುವಾಗ ಮೊಬೈಲಿನ ಹಿಂದೆ ಒಂದು ಖಾಲಿ ಕುರ್ಚಿ ಹಾಕಿಸುತ್ತಿದ್ದರು. ಅದರಲ್ಲಿ ಒಬ್ಬ ಹುಡುಗಿ ಕೂತಿದ್ದಾಳೆಂದುಕೊಂಡು ಮಾತನಾಡುತ್ತಿದ್ದರು. ಶ್ರೀನಿವಾಸಪುರದ ನಮ್ಮ ಕಾಲೇಜಿನಲ್ಲಿ ಅವರು ವಾಣಿಜ್ಯ ವಿಭಾಗದ ಹಿರಿಯರು, ನಾನು ಅತಿಥಿ ಉಪನ್ಯಾಸಕಿ. ವಿದ್ಯಾರ್ಥಿಗಳು ತಮಗೆ ಬಿಡುವಾದಾಗ ನೋಡಿಕೊಳ್ಳುವ ಆನ್‌ಲೈನ್ ಪಾಠಗಳನ್ನು ಇಬ್ಬರೂ ಸೇರಿ ತಯಾರಿಸುತ್ತಿದ್ದೆವು. ಎಂಟು ನಿಮಿಷಕ್ಕಿಂತ ಉದ್ದದ ಪಾಠ ಅವರು ಮಾಡುತ್ತಿರಲಿಲ್ಲ. ನಡುವೆ ಒಂದು ಪ್ರಶ್ನೆ ಕೇಳಿ ಸುಮ್ಮನೆ ಕೂರುತ್ತಿದ್ದರು. ಆ ಮೌನವನ್ನು ಕತ್ತರಿಸೋಣವೆಂದರೆ, "ನಾನೇ ವಟವಟ ಅಂತಿದ್ರೆ ಅವಳು ಯೋಚ್ನೆ ಮಾಡೋದ್ ಯಾವಾಗಮ್ಮ?" ಎನ್ನುತ್ತಿದ್ದರು.

ಮಕ್ಕಳು ಅರ್ಧಕ್ಕೆ ಬಿಡಬಾರದೆಂದು ಅವರೇ ಒಂದು ಬೀಗ ಹಾಕಿದ್ದರು. ಪಾಠ ಕೊನೆಯವರೆಗೆ ಓಡಿದರೆ ಮಾತ್ರ ಮುಂದಿನದು ತೆರೆಯುತ್ತದೆ, ಶನಿವಾರ ಸಂಜೆ ಐದರೊಳಗೆ ಮುಗಿಯಬೇಕು, ಡೌನ್‌ಲೋಡ್ ಇಲ್ಲ. ನಾನೂ ಒಳ್ಳೆಯದೆಂದೆ. ಅದನ್ನು ಹೇಳದೆ ಮುಂದೆ ಹೋಗಲಾರೆ.

ಗೌನಿಪಲ್ಲಿ ಕಡೆಯ ಒಂದೇ ಹಳ್ಳಿಯ ನಾಲ್ವರು ಹುಡುಗಿಯರು ಪ್ರತಿ ಶನಿವಾರ ಒಟ್ಟಿಗೆ, ಗಡಿಯಾರದ ಅದೇ ನಿಮಿಷದಲ್ಲಿ, ಪಾಠ ಮುಗಿಸುತ್ತಿದ್ದರು. "ಪ್ಲೇ ಮಾಡಿ ಎಲ್ಲೋ ಇಟ್ಬಿಡ್ತಾರೆ, ಕಳ್ಳಿಯರು," ಎಂದು ಮೇಡಂ ಒಂದು ಶನಿವಾರ ನನ್ನನ್ನೂ ಬಸ್ಸು ಹತ್ತಿಸಿದರು. ಮಾವಿನಕಾಯಿ ಆರಿಸುತ್ತಿದ್ದ ಹೆಂಗಸೊಬ್ಬರನ್ನು, ನಾಲ್ವರಲ್ಲಿ ಒಬ್ಬಳಾದ ಅಶ್ವಿನಿಯ ಮನೆ ಎಲ್ಲಿ ಎಂದು ಕೇಳಿದೆವು. ಅವರು ಗದ್ದ ಎತ್ತಿ ಊರಿನ ನೀರಿನ ಟ್ಯಾಂಕ್ ತೋರಿಸಿದರು. ಸಿಗ್ನಲ್ ಸಿಗುವುದು ಅದರ ಮೇಲೆ ಮಾತ್ರವಂತೆ. ನಾಲ್ಕೂ ಫೋನು ಚೀಲಕ್ಕೆ ಹಾಕಿಕೊಂಡು ಅವಳೇ ಹತ್ತುತ್ತಾಳಂತೆ.

ಅವಳು ಟ್ಯಾಂಕಿನ ಅಂಚಿನಲ್ಲಿ ಕೂತಿದ್ದಳು. ಗಾಳಿ ಜೋರಾಗಿತ್ತು. ಕಬ್ಬಿಣದ ಏಣಿಗೆ ತುಕ್ಕು ಹಿಡಿದಿತ್ತು. ನಡುವೆ ಒಂದು ಕಂಬಿ ಇರಲೇ ಇಲ್ಲ. ನಮ್ಮನ್ನು ಕಂಡ ಗಾಬರಿಗೆ ಎದ್ದು ನಿಂತಳು. ನಾನು ಕೂಗಲು ಹೋದೆ. ಮೇಡಂ ಅಂಗೈಯಿಂದ ನನ್ನ ಬಾಯಿ ಮುಚ್ಚಿದರು.

"ಮೇಡಂ, ಎರಡೇ ನಿಮಿಷ ಬಾಕಿ, ಲಾಕ್ ಆಗ್ಬಿಡ್ತದೆ," ಎಂದಳು ಮೇಲಿನಿಂದ.

"ಆಗ್ಲಿ ಬಿಡಮ್ಮ. ಮೆಲ್ಲಗ ದಿಗು." ಮೆಲ್ಲಗೆ ಇಳಿ ಎನ್ನುವಾಗ ಮನೆಮಾತು ತೆಲುಗಿಗೆ ಜಾರಿದ್ದರು; ದನಿ ಮಾತ್ರ ಪಾಠ ಹೇಳುವಾಗಿನದೇ. "ಎಡಗಾಲು ಕೆಳಗಿಡು. ನಿಂತ್ಕೋ. ಈಗ ಬಲಗಾಲು."

ವಾರವಾರವೂ ಇಳಿದ ಏಣಿ. ಆದರೂ ಕಂಬಿಯಿಲ್ಲದ ಕಡೆ ಬಂದಾಗ ಅವಳ ಕಾಲು ಗಾಳಿಯಲ್ಲಿ ತಡಕಾಡಿತು, ಮೈಯೆಲ್ಲ ಅದುರತೊಡಗಿತು.

"ಇನ್ನೊಂದು ಗೇಣು ಕೆಳಗೆ ಕಂಬಿ ಐತೆ. ನಂಗೆ ಕಾಣ್ತಾ ಐತೆ. ಕಾಲು ಬಿಡು."

ಬಿಟ್ಟಳು. ಕಂಬಿ ಸಿಕ್ಕಿತು. ಅವಳು ನೆಲ ಮುಟ್ಟಿದ ಮೇಲೆ ಮೇಡಂ ಅಲ್ಲೇ ಮಣ್ಣಿನಲ್ಲಿ ಕುಳಿತುಬಿಟ್ಟರು.

ಸೋಮವಾರ ಬೀಗ, ಗಡುವು ಎರಡನ್ನೂ ತೆಗೆದರು. ಕಾಲೇಜಿಗೆ ಬಂದಾಗ ಫೋನಿಗೆ ತುಂಬಿಸಿಕೊಂಡು ಮನೆಯಲ್ಲಿ ಕೇಳುವಂತೆ ಪಾಠಗಳನ್ನು ಬದಲಿಸಿದರು. ನಿಮ್ಮೂರ ಮಾವು ಮಂಡಿ ಸೇರುವ ಹೊತ್ತಿಗೆ ಎಷ್ಟು ಜನರ ಕೈ ದಾಟುತ್ತದೆ ಎಂಬಂಥ ಪ್ರಶ್ನೆಗಳನ್ನಿಟ್ಟರು. ಉತ್ತರಗಳು ತಡವಾಗಿ ಬಂದವು. ಆದರೆ ಒಂದರಂತೆ ಇನ್ನೊಂದಿರಲಿಲ್ಲ.

ಅವರು ವರ್ಗವಾಗಿ ಹೊರಟ ದಿನ ಬಸ್ ನಿಲ್ದಾಣದವರೆಗೆ ಹೋಗಿದ್ದೆ. ಕಿಟಕಿಯಿಂದ ಬಗ್ಗಿ ನನ್ನ ಕೈ ಹಿಡಿದರು.

"ಅವತ್ತು ನಂಗೆ ಕಂಬಿ ಕಾಣ್ಲಿಲ್ಲ ಕಣೇ. ಕಣ್ಣು ಕತ್ತಲೆ ಬಂದ್ಬಿಟ್ಟಿತ್ತು. ಸುಮ್ನೆ ಹೇಳ್ಬಿಟ್ಟೆ."

ಬಸ್ಸು ಕೋಲಾರದ ಕಡೆ ಹೊರಟಿತು. ಮತ್ತೆ ಅವರನ್ನು ನೋಡಿಲ್ಲ. ಅಶ್ವಿನಿ ಸಿಕ್ಕಾಗಲೆಲ್ಲ, ಮೇಡಂಗೆ ಕಾಣುತ್ತಿತ್ತಲ್ಲ, ಅದಕ್ಕೇ ಧೈರ್ಯವಾಗಿ ಕಾಲು ಬಿಟ್ಟೆ ಎನ್ನುತ್ತಾಳೆ. ನಾನು ಹೂಂ ಎನ್ನುತ್ತೇನೆ.