ಎರಡು ಗಂಟೆ ಹತ್ತು ನಿಮಿಷದ ಫೋಟೊ

ಆ ಶನಿವಾರ ನಡೆದದ್ದನ್ನು ಗಂಟೆಗಳ ಪ್ರಕಾರವೇ ಬರೆಯುತ್ತೇನೆ. ಬೇರೆ ರೀತಿ ಬರೆಯಲು ಹೋದರೆ ನನ್ನ ತಪ್ಪನ್ನು ಸ್ವಲ್ಪ ಹಿಂದಕ್ಕೋ ಮುಂದಕ್ಕೋ ಸರಿಸುವ ಆಸೆಯಾಗುತ್ತದೆ.

ನಾನು ಕುಕನೂರಿನ ಹತ್ತಿರದ ಒಂದು ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕ. ನಮ್ಮ ಕೆಲಸದವರು ಒಂದೆಡೆ ಸೇರುವುದು ತರಬೇತಿಗೆ ಅಥವಾ ಸಭೆಗೆ ಕರೆದಾಗ ಮಾತ್ರ. ಅಲ್ಲಿ ಮೇಲಿನವರು ಮಾತಾಡುತ್ತಾರೆ, ನಾವು ಬರೆದುಕೊಳ್ಳುತ್ತೇವೆ. ಒಮ್ಮೆಯಾದರೂ ನಾವು ನಾವೇ ಕೂತು ಮಾತಾಡಬೇಕು ಅನ್ನಿಸಿ, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಪರಿಚಿತರಿಗೆ ಫೋನ್ ಮಾಡಿದೆ. ರಜೆಯ ದಿನ ನಮ್ಮ ಗ್ರಂಥಾಲಯಕ್ಕೆ ಬನ್ನಿ. ಅತಿಥಿ ಇಲ್ಲ, ಭಾಷಣ ಇಲ್ಲ. ಕೇಳಬೇಕಾದ್ದನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ, ಅದೇ ಅಂದಿನ ವಿಷಯ ಎಂದೆ.

ಹತ್ತೂವರೆಗೆ ಹತ್ತೊಂಬತ್ತು ಜನ ಬಂದಿದ್ದರು. ಚೀಟಿ, ಪೆನ್ನು, ಅಂಟು ಮೇಜಿನ ಮೇಲಿದ್ದವು. ಯಾರೂ ಮುಟ್ಟಲಿಲ್ಲ. ಕುಷ್ಟಗಿ ಕಡೆಯ ಹಿರಿಯ ಮೇಲ್ವಿಚಾರಕರು, ಎಲ್ಲರೂ ಚಾಚಾ ಎನ್ನುವವರು, ಬಾಗಿಲ ಕಡೆಗೇ ನೋಡುತ್ತಿದ್ದರು.

"ಉದ್ಘಾಟನಿ ಯಾರ್ ಮಾಡ್ತಾರ್ರಿ?"

"ಯಾರೂ ಇಲ್ರಿ ಚಾಚಾ."

"ಮತ್ತ ಕಾರ್ಯಕ್ರಮ ಶುರು ಆತಂತ ಹೆಂಗ್ ತಿಳೀಬೇಕು?"

ಯಲಬುರ್ಗಾದವರೊಬ್ಬರು, "ವಗ್ಗರಣಿ ವಾಸನಿ ಬಂತಂದ್ರ ಶುರು ಆತಂತ ತಿಳೀರಿ" ಎಂದರು. ನಕ್ಕ ಮೇಲೆ ಚಾಚಾ ಎದ್ದು ಮೊದಲ ಚೀಟಿ ಅಂಟಿಸಿದರು: ಹರಿದ ಪುಸ್ತಕ ಹೊಲಿಯುವುದನ್ನು ತೋರಿಸುತ್ತೇನೆ. ಎರಡನೆಯದು, ಪೇಪರ್ ಓದಲು ಬಂದು ನಿದ್ದೆ ಹೋಗುವವರನ್ನು ಎಬ್ಬಿಸಬೇಕೇ ಬೇಡವೇ. ಅದನ್ನು ಬರೆದವರಿಗೆ ಉತ್ತರ ಬೇಕಿರಲಿಲ್ಲ, ಹೇಳಿಕೊಳ್ಳಬೇಕಿತ್ತು ಅಷ್ಟೆ.

ಅಷ್ಟರಲ್ಲಿ ನಾನು ಎದ್ದು ನಿಂತು ಹೇಳಿದ ಮಾತು ಇದು: "ಇಲ್ಲಿ ಆಡಿದ ಮಾತು ಇಲ್ಲೇ ಇರ್ತೈತಿ. ಯಾರೂ ಅಂಜಬ್ಯಾಡ್ರಿ." ಈ ಮಾತನ್ನು ನಾನೇ ಆಡಿದೆ. ಆಡಿ ಎಂದು ಯಾರೂ ಕೇಳಿರಲಿಲ್ಲ.

ಆ ಮಾತನ್ನು ನಂಬಿ ಮೂರನೆಯ ಚೀಟಿ ಬಂತು. ಬರೆದವರು ಶ್ರೀರಾಮನಗರದ ಆಚೆಯ ಒಂದು ಕಾಲುವೆ ಊರಿನ ಮೇಲ್ವಿಚಾರಕಿ, ಮೂವತ್ತೈದರ ಆಸುಪಾಸಿನವರು. ಹೆಸರು ಹಾಕಿರಲಿಲ್ಲ. ದುಂಡನೆಯ ದೊಡ್ಡ ಅಕ್ಷರ: "ಗೋಡೆ ಕಪಾಟಿನಲ್ಲಿ ಬೀಗ ಹಾಕಿಟ್ಟ ಹೊಸ ಮಕ್ಕಳ ಪುಸ್ತಕಗಳನ್ನು ಗೆದ್ದಲು ತಿಂದಿದೆ. ಇನ್ನೂ ಯಾರಿಗೂ ತಿಳಿಸಿಲ್ಲ. ತಪಾಸಣೆಗೆ ಬರುವ ಮೊದಲು ಏನು ಮಾಡಬೇಕು?"

ಎಲ್ಲರೂ ಚೀಟಿ ಓದಿದ ಮೇಲೆ ಆಕೆ ತಾವೇ ಎದ್ದರು. "ನಂದ್ರಿ ಅದು. ಹಿಂದ ಒಂದು ಪುಸ್ತಕ ಕಳದಾಗ ಎಲ್ಲಾರ ಮುಂದ ನಿಲ್ಲಿಸಿ ಕೇಳಿದ್ರು. ಅವತ್ತಿಂದ ಹೊಸಾವು ಬಂದ್ರ ಒಳಗಿಟ್ಟು ಕೀಲಿ ಹಾಕೋದು. ಹುಡುಗ್ರು ಕೇಳಿದ್ರ ಇನ್ನೂ ನಂಬರ್ ಹಾಕಿಲ್ಲ ಅಂತಿದ್ದೆ. ಗದ್ದಿ ನೀರು ಗ್ವಾಡಿಗೆ ಇಳದೈತಿ, ನನಗ ಗೊತ್ತಾಗ್ಲಿಲ್ಲ. ಮೊನ್ನೆ ತಗದ್ರ ರಟ್ಟು ಅಷ್ಟ ಉಳದಾವು."

ಯಾರೂ ಬೈಯಲಿಲ್ಲ. ಬೈಯುವಂಥವರು ಅಲ್ಲಿ ಇರಲಿಲ್ಲ. ಯಲಬುರ್ಗಾದವರು, "ನನ್ನ ಕಪಾಟಿನ ಕೀಲಿಕೈ ನನ್ನ ಹೇಣ್ತಿ ಟ್ರಂಕಿನಾಗ ಐತಿ" ಎಂದರು. ನನ್ನ ಹೊಸ ಪುಸ್ತಕಗಳೂ ಕಬ್ಬಿಣದ ಕಪಾಟಿನಲ್ಲಿ ಬೀಗದೊಳಗಿದ್ದವು. ನಾನು ಹೇಳಲಿಲ್ಲ. ಆತಿಥೇಯ ಅನ್ನುವ ನೆಪ ಸಿಕ್ಕಿತ್ತು.

ಚಾಚಾ ಹೇಳಿದರು. "ನೋಡು ತಂಗಿ, ನೀನಾಗೇ ಮೊದಲ ತಿಳಿಸಿದ್ರ ಅದು ಹಾನಿ. ಅವ್ರು ಬಂದು ಕಂಡ್ರ ಅದು ತಪ್ಪು. ಹಾಳಾದ ಪುಸ್ತಕ ಎರಡಕ್ಕೂ ಅವ, ಆದ್ರ ಯಾರು ಮೊದಲ ಬಾಯಿ ತಗದ್ರು ಅನ್ನೋದರ ಮ್ಯಾಲೆ ನಿನ್ನ ನೌಕರಿ ನಿಂತೈತಿ."

ಆಕೆ ಸೋಮವಾರ ಬೆಳಿಗ್ಗೆ ಕೊಪ್ಪಳದ ಜಿಲ್ಲಾ ಕಚೇರಿಗೆ ತಾವೇ ಪತ್ರ ಕೊಡುವುದು, ಅದಕ್ಕೂ ಮೊದಲು ಪಕ್ಕದೂರಿನ ಇಬ್ಬರು ಮೇಲ್ವಿಚಾರಕರು ಬಂದು ಕಪಾಟು ನೋಡಿ ಪಂಚನಾಮೆಗೆ ಸಹಿ ಮಾಡುವುದು ಎಂದು ತೀರ್ಮಾನವಾಯಿತು. ಆಗ ಹನ್ನೆರಡು ಗಂಟೆ. ಗೋಡೆ ಗಡಿಯಾರ ನನ್ನ ಎದುರಿಗೇ ಇತ್ತು.

ಒಂದೂವರೆಗೆ ಊಟಕ್ಕೆ ಮಂಡಾಳ ವಗ್ಗರಣಿ, ಅಂದರೆ ಮಂಡಕ್ಕಿ ಒಗ್ಗರಣೆ, ಜೊತೆಗೆ ಮಿರ್ಚಿ, ಚಹಾ. ಎರಡಕ್ಕೆ ಚಾಚಾ ನೆಲದ ಮೇಲೆ ಕೂತು ಮೈದಾ ಅಂಟಿಗೆ ಮೈಲುತುತ್ತ ಬೆರೆಸುತ್ತ, ಅದು ಹುಳ ಬಾರದಂತೆ ಕಾಯುತ್ತದೆ ಎಂದು ತೋರಿಸತೊಡಗಿದರು. ಆಕೆ ಅವರ ಎದುರಿಗೇ ಕೂತು ಎಷ್ಟು ಚಿಟಿಕೆ ಎಂದು ಕೇಳಿ ಕೇಳಿ ಬರೆದುಕೊಳ್ಳುತ್ತಿದ್ದರು.

ಎರಡು ಗಂಟೆ ಹತ್ತು ನಿಮಿಷಕ್ಕೆ ನಾನು ಫೋಟೊ ತೆಗೆದೆ.

ಇದನ್ನು ವಿವರಿಸಬೇಕು. ನಮ್ಮಲ್ಲಿ ಏನೇ ನಡೆದರೂ ಜಾಗ, ಸಮಯ ಕಾಣುವ ಜಿಪಿಎಸ್ ಫೋಟೊ ತೆಗೆದು ಜಿಲ್ಲೆಯ ವಾಟ್ಸಾಪ್ ಗ್ರೂಪಿಗೆ ಹಾಕಬೇಕು. ಮಕ್ಕಳ ದಿನ, ಪೇಪರ್ ಬಂದದ್ದು, ಕಸ ಗುಡಿಸಿದ್ದು, ಎಲ್ಲಕ್ಕೂ ಫೋಟೊ. ಫೋಟೊ ಹಾಕದಿದ್ದರೆ ಅದು ನಡೆದಂತೆಯೇ ಅಲ್ಲ. ನನ್ನ ಹೆಬ್ಬೆರಳಿಗೆ ಆ ದಾರಿ ಎಷ್ಟು ರೂಢಿಯಾಗಿತ್ತೆಂದರೆ ಚಾಚಾ, ಅವರ ಸುತ್ತ ಕೂತವರು, ಹಿಂದೆ ಚೀಟಿಗಳ ಗೋಡೆ, ಎಲ್ಲ ಸೇರಿ ಚಿತ್ರ ಚೆನ್ನಾಗಿ ಬಂದಿದೆ ಅನ್ನಿಸಿದ್ದೇ ಕಳಿಸಿಬಿಟ್ಟೆ. ಯಾರೂ ನನ್ನನ್ನು ಕೇಳಿರಲಿಲ್ಲ. ರಜೆಯ ದಿನ ಬೇರೆ.

ಎರಡು ಇಪ್ಪತ್ತೈದಕ್ಕೆ ಫೋನ್ ಬಂತು. ಕಚೇರಿಯ ಗುಮಾಸ್ತರು. "ಗೋಡೀ ಮ್ಯಾಲಿನ ಮೂರನೇ ಚೀಟಿ ಯಾರದ್ರಿ ಅದು? ಗೆದ್ದಲು ಅಂತೇನೋ ಕಾಣಾಕತ್ತೈತಿ. ಸಾಹೇಬ್ರು ದೊಡ್ಡದು ಮಾಡಿ ನೋಡಾಕತ್ತಾರ."

ನನಗೆ ಗೊತ್ತಿಲ್ಲ ಎಂದೆ. ಅದು ಆ ದಿನದ ಎರಡನೆಯ ತಪ್ಪು. ಫೋನ್ ಇಟ್ಟು ಫೋಟೊ ಅಳಿಸಿದೆ. ಕಪಾಟುಗಳ ನಡುವೆ ಎರಡು ಸಲ ತಿರುಗಿ ಬಂದೆ. ಆಕೆಯ ಅಕ್ಷರ ತಿಂಗಳು ತಿಂಗಳು ವರದಿಯಲ್ಲಿ ಕಚೇರಿಗೆ ಹೋಗುತ್ತದೆ; ಗುರುತು ಹಿಡಿಯುವುದಕ್ಕೆ ಹೆಚ್ಚು ಹೊತ್ತು ಬೇಡ. ಆಮೇಲೆ ಹೋಗಿ, ಎಲ್ಲರ ಮುಂದೆಯೇ, ಮಾಡಿದ್ದನ್ನು ಹೇಳಿದೆ.

ಆಕೆ ಪೆನ್ನಿನ ಮುಚ್ಚಳ ಹಾಕಿದರು. "ಇಲ್ಲೇ ಇರ್ತೈತಿ ಅಂದಿದ್ರಲ್ಲ ಅಣ್ಣಾರ."

ಚಾಚಾ ಅಂಟಿನ ಕೈ ಒರೆಸಿಕೊಂಡು, "ಈಗ ಬರಿ, ಸೋಮವಾರ ಬ್ಯಾಡ. ಫೋನಿನ್ಯಾಗ ಕಳಸು. ಟೈಮ್ ಒಂದು ಗಂಟಿ ಅಂತ ಹಾಕು, ಊಟಕ್ಕ ಮೊದಲ ಬರದದ್ದು ಅಂತ. ಕಳಸಾಕ ನೆಟ್ವರ್ಕ್ ಇರ್ಲಿಲ್ಲ ಅನ್ನು" ಎಂದರು.

ಆಕೆ ನನ್ನನ್ನು ನೋಡಿದರು. ಹಾಗೆ ಹಾಕಿದರೆ ಪತ್ರ ನನ್ನ ಫೋಟೊಗಿಂತ ಹಿಂದಿನದಾಗುತ್ತಿತ್ತು. "ಹಾಕ್ರಿ" ಎಂದೆ. ನನ್ನ ಭಾರ ಇಳಿದೀತು ಎಂಬ ಆಸೆಯಿಂದಲೇ ಹಾಗೆಂದೆ.

"ಬ್ಯಾಡ್ರಿ" ಎಂದರು. "ಕೀಲಿ ಹಾಕಿ ಸಿಗಬಿದ್ದೀನಿ, ಸುಳ್ಳು ಬರದು ಮತ್ತೊಂದ್ಸಲ ಯಾಕ ಬೀಳ್ಲಿ?" ಪುಟ ತಿರುಗಿಸಿ ಬರೆಯತೊಡಗಿದರು. ಮುಗಿದಾಗ ಎರಡು ಐವತ್ತು. ಹಾಗೆಯೇ ಸಮಯ ಹಾಕಿ, ಸಹಿ ಮಾಡಿ, ಕಳಿಸಿದರು.

ಉಳಿದ ಚೀಟಿಗಳು ಗೋಡೆಯ ಮೇಲೇ ಉಳಿದವು. ನಾಲ್ಕರ ಬಸ್ಸಿಗೆ ಎಲ್ಲರೂ ಹೊರಟರು.

ಮರುದಿನ ಪಕ್ಕದೂರಿನವರಿಬ್ಬರ ಜೊತೆ ನಾನೂ ಹೋಗಿ ಕಪಾಟು ನೋಡಿದೆ. ರಟ್ಟು ಎತ್ತಿದರೆ ಒಳಗಿನಿಂದ ಮಣ್ಣು ಉದುರುತ್ತಿತ್ತು. ರಟ್ಟಿನ ಮೇಲೆ ಉಳಿದ ಹೆಸರನ್ನು ಆಕೆ ಓದಿದರು, ನಾನು ಬರೆದೆ. ಹೊರಗೆ ಕಿಟಕಿಗೆ ಮುಖ ಒತ್ತಿ ನಿಂತ ಮಕ್ಕಳಿಗೆ ಆಕೆ, "ಹೋಗ್ರಿ, ನಾಳೆ ಬರ್ರಿ" ಎನ್ನುತ್ತಿದ್ದರು.

ವಾರದ ಮೇಲೆ ಕೊಪ್ಪಳಕ್ಕೆ ಇಬ್ಬರನ್ನೂ ಕರೆಸಿದರು. ನಾನು ಲಿಖಿತ ಹೇಳಿಕೆ ಒಯ್ದಿದ್ದೆ: ಹನ್ನೆರಡಕ್ಕೆ ಆಕೆ ತಾನೇ ತಿಳಿಸುವುದಾಗಿ ಎಲ್ಲರ ಮುಂದೆ ಒಪ್ಪಿದ್ದು, ಎರಡು ಹತ್ತಕ್ಕೆ ನಾನು ಫೋಟೊ ಹಾಕಿದ್ದು, ಎರಡು ಇಪ್ಪತ್ತೈದಕ್ಕೆ ಕಚೇರಿಗೆ ಸುಳ್ಳು ಹೇಳಿದ್ದು, ಎರಡು ಐವತ್ತಕ್ಕೆ ಆಕೆಯ ಪತ್ರ. ಅಧಿಕಾರಿ ನಿಧಾನವಾಗಿ ಓದಿ ಆಕೆಯನ್ನು ಕೇಳಿದರು.

"ಹನ್ನೆರಡಕ್ಕೇ ನಿರ್ಧಾರ ಆಗಿತ್ತು ಅಂದ್ರ ಅವಾಗ್ಲೇ ಯಾಕ ಬರೀಲಿಲ್ಲ?"

"ಸೋಮವಾರ ಖುದ್ದ ಬಂದು ನಿಮ್ಮ ಮುಂದ ಹೇಳ್ಬೇಕಂತ ಇತ್ರಿ ಸರ್. ಕೀಲಿ ಹಾಕಿದ ಕೈಲೆ ಕೊಡ್ಬೇಕು ಅನಸ್ತು."

ಸಂಜೆಗೆ ಆದೇಶ ಕೈಗೆ ಬಂತು. ಆಕೆ ಕೆಲಸದಲ್ಲಿ ಮುಂದುವರಿಯಬಹುದು. ಪುಸ್ತಕಗಳನ್ನು ಹಾನಿಯ ಪಟ್ಟಿಗೆ ಸೇರಿಸಬಹುದು. ಆದರೆ ಒಂದು ಎಚ್ಚರಿಕೆ ಪತ್ರ ಆಕೆಯ ಕಡತದಲ್ಲಿ ಇರುತ್ತದೆ. ನನಗೆ ಬಾಯಿಮಾತಿನಲ್ಲೇ ಬೈದು ಕಳಿಸಿದರು.

ಬಸ್ ನಿಲ್ದಾಣದವರೆಗೂ ಇಬ್ಬರೂ ಒಟ್ಟಿಗೇ ನಡೆದೆವು. ಅಲ್ಲಿ ಆಕೆ ಆ ಕಾಗದವನ್ನು ಮತ್ತೊಮ್ಮೆ ಬಿಚ್ಚಿ ಓದಿ, ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡರು.

"ಈ ಎಚ್ಚರಿಕಿ ನನ್ನ ಕೀಲಿಗೆ ಬಂತೋ, ನಿಮ್ಮ ಫೋಟೊಕ್ಕ ಬಂತೋ, ತಿಳೀವಲ್ದು ಅಣ್ಣಾರ. ನಿಮಗೇನರ ತಿಳದೈತೇನು?"

"ಇಲ್ರಿ" ಎಂದೆ. ಅದು ನಿಜ. ಈಗಲೂ ತಿಳಿದಿಲ್ಲ.

ಗಂಗಾವತಿ ಬಸ್ಸು ಬಂತು. ಜನ ನೂಕುತ್ತಿದ್ದರು. ಆಕೆ ಚೀಲವನ್ನು ಎದೆಗೆ ಒತ್ತಿಕೊಂಡು ಹತ್ತಿದರು. ಸೀಟು ಸಿಕ್ಕಿತೋ ಇಲ್ಲವೋ ನನಗೆ ಕಾಣಿಸಲಿಲ್ಲ.